ಮಾಸ್ಟರ್ ಲೋಹಿತ್ ನಮಗೆ ಸಿಕ್ಕ ಬಗೆ

ಎಂಬತ್ತರ ದಶಕದಲ್ಲಿ ಕರ್ನಾಟಕದ ಸಣ್ಣ ಊರುಗಳಲ್ಲಿ ಬೆಳೆದ ನಮಗೆ ಪುನೀತ್ ರಾಜ್‌ಕುಮಾರ್ ಮೊದಲು ಬಿದ್ದದ್ದು ಕಿವಿಗೆ. ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ. ಹೆಸರೂ ಆಗ ಬೇರೆ, ಮಾಸ್ಟರ್ ಲೋಹಿತ್. 1981ರ 'ಭಾಗ್ಯವಂತ' ಚಿತ್ರದ 'ಬಾನ ದಾರಿಯಲ್ಲಿ ಸೂರ್ಯ ಜಾರಿ ಹೋದ' ರೇಡಿಯೋದಲ್ಲಿ ಬಂದರೆ ಮನೆಯ ಮಕ್ಕಳೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಕೂರುತ್ತಿದ್ದರು. ಸಾಹಿತ್ಯ ಚಿ. ಉದಯಶಂಕರ್, ಸಂಗೀತ ಟಿ.ಜಿ. ಲಿಂಗಪ್ಪ. ಹಾಡಿದವನಿಗೆ ಆರು ವರ್ಷ. ನಮ್ಮ ವಯಸ್ಸಿನವನೇ ಒಬ್ಬ ಹುಡುಗ ರೇಡಿಯೋ ಒಳಗೆ ಹಾಡುತ್ತಿದ್ದಾನೆ ಎಂಬುದೇ ದೊಡ್ಡ ಬೆರಗು.

ಆ ಬೆರಗಿಗೆ ಕಾರಣವಿತ್ತು. ಸಿನಿಮಾದಲ್ಲಿ ಮಗು ಬಾಯಾಡಿಸಿದರೆ ಹಿಂದೆ ಹಾಡುವವರು ಸಾಮಾನ್ಯವಾಗಿ ದೊಡ್ಡ ಗಾಯಕಿಯರು. ಎಸ್. ಜಾನಕಿಯವರಂತೂ ಮಕ್ಕಳ ದನಿಯಲ್ಲಿ ಹಾಡುವುದಕ್ಕೆ ಹೆಸರುವಾಸಿ. ಎರಡರ ನಡುವಿನ ವ್ಯತ್ಯಾಸ ಹಿಡಿಯಬೇಕಾದರೆ ಸಾಲಿನ ಕೊನೆ ಗಮನಿಸಬೇಕು. ಪಳಗಿದ ಗಾಯಕಿ ದನಿಯನ್ನು ಎಷ್ಟೇ ಎಳೆಯದಾಗಿಸಿಕೊಂಡರೂ ಉಸಿರಿನ ಮೇಲಿನ ಹಿಡಿತವನ್ನು ಬಚ್ಚಿಡಲಾರರು. ಸಾಲು ಕೊನೆಯವರೆಗೆ ಒಂದೇ ತೂಕದಲ್ಲಿ ಹೋಗುತ್ತದೆ, ದೀರ್ಘಾಕ್ಷರದಲ್ಲಿ ಸಣ್ಣ ಕಂಪನ ಕೇಳುತ್ತದೆ. ನಿಜವಾದ ಮಗುವಿನ ಎದೆಯಲ್ಲಿ ಅಷ್ಟು ಗಾಳಿ ಹಿಡಿಯುವುದಿಲ್ಲ. ಸಾಲು ಮುಗಿಯುವ ಹೊತ್ತಿಗೆ ದನಿ ತೆಳುವಾಗುತ್ತದೆ, ದೀರ್ಘಾಕ್ಷರ ಕಂಪನವಿಲ್ಲದೆ ನೇರವಾಗಿ ನಿಲ್ಲುತ್ತದೆ, ಮುಂದಿನ ಸಾಲಿಗೆ ಮುಂಚೆ ಉಸಿರೆಳೆದುಕೊಂಡದ್ದು ಕೇಳಿಸುತ್ತದೆ. ಲೋಹಿತನ ಹಾಡುಗಳಲ್ಲಿ ಇದೆಲ್ಲ ಇದೆ. ಜೊತೆಗೆ ಒತ್ತಕ್ಷರಗಳೆಲ್ಲ ಸ್ಪಷ್ಟ, ಅಲ್ಪಪ್ರಾಣ ಮಹಾಪ್ರಾಣ ಕಲಬೆರಕೆಯಾಗುವುದಿಲ್ಲ. ಮಗುತನ ಹಾಗೇ ಇರಬೇಕು, ಉಚ್ಚಾರಣೆ ಮಾತ್ರ ತಪ್ಪಬಾರದು ಎಂಬ ಮನೆಯ ಶಿಸ್ತು ಅದರಲ್ಲಿ ಎದ್ದು ಕಾಣುತ್ತದೆ.

ಹಾಡು ಬೇಕೆಂದಾಗ ಕೇಳಬೇಕಾದರೆ ಟೇಪಿಗೆ ಇಳಿಸಿಕೊಳ್ಳಬೇಕಿತ್ತು. ಕ್ಯಾಸೆಟ್ ಸಿ-60 ಆದರೆ ಒಳ್ಳೆಯದು, ಒಂದು ಬದಿಗೆ 30 ನಿಮಿಷ, ಅಂದರೆ ಆರೇಳು ಹಾಡು. ಸಿ-90 ನಡೆಯುತ್ತದೆ. ಸಿ-120ರ ಟೇಪು ತೀರಾ ತೆಳು, ಹಳೆಯ ಯಂತ್ರದ ರಬ್ಬರ್ ಗಾಲಿಗೆ ಸುತ್ತಿಕೊಂಡರೆ ಬಿಡಿಸುವುದು ಕಷ್ಟ. ರೇಡಿಯೋ, ಟೇಪ್ ಎರಡೂ ಇರುವ ಟೂ-ಇನ್-ಒನ್‌ನಲ್ಲಿ ನಿರೂಪಕರು ಮಾತು ಶುರು ಮಾಡಿದ ಕೂಡಲೇ ರೆಕಾರ್ಡ್ ಮತ್ತು ಪ್ಲೇ ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಪಾಸ್ ಇದ್ದರೆ ಮೊದಲೇ ಒತ್ತಿಟ್ಟುಕೊಂಡು ಸಮಯಕ್ಕೆ ಸರಿಯಾಗಿ ಬಿಡಬೇಕು. ಹಾಡು ಅಳಿಸಿಹೋಗಬಾರದು ಎಂದರೆ ಕ್ಯಾಸೆಟ್ಟಿನ ಬೆನ್ನಿನ ಮೇಲಿರುವ ಪ್ಲಾಸ್ಟಿಕ್ ಹಲ್ಲು ಮುರಿಯಬೇಕು. ಎ ಬದಿ ನಮ್ಮ ಕಡೆಗಿದ್ದಾಗ ಎಡಗಡೆಯ ಹಲ್ಲು ಎ ಬದಿಗೆ ಕಾವಲು. ಮತ್ತೆ ಆ ಬದಿಗೆ ತುಂಬಿಸಬೇಕಾದರೆ ತೂತಿನ ಮೇಲೆ ಸೆಲ್ಲೋಟೇಪ್ ಅಂಟಿಸಿದರೆ ಸಾಕು.

ಮಕ್ಕಳ ದನಿ ಟೇಪ್ ರೆಕಾರ್ಡರಿನ ಎಲ್ಲ ದೋಷಗಳನ್ನೂ ಬೇಗ ಬಯಲು ಮಾಡುತ್ತದೆ. ಸ್ಥಾಯಿ ಎತ್ತರದಲ್ಲಿದ್ದು ಸ್ವರ ನೇರವಾಗಿ ನಿಂತಾಗ ವೇಗದ ಸಣ್ಣ ಏರಿಳಿತವೂ ದನಿ ನಡುಗಿದಂತೆ ಕೇಳುತ್ತದೆ. ಕಾರಣ ಹೆಚ್ಚಿನ ಸಲ ರಬ್ಬರ್ ಗಾಲಿಯ ಮೇಲಿನ ಕಂದು ಪುಡಿ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ಡನ್ನೂ ಗಾಲಿಯನ್ನೂ ಒರೆಸಬೇಕು. ರಬ್ಬರಿಗೆ ಸ್ಪಿರಿಟ್ ಹೆಚ್ಚಾದರೆ ಅದು ಗಟ್ಟಿಯಾಗಿ ಜಾರುತ್ತದೆ, ಆದ್ದರಿಂದ ಹಿಂಡಿದ ಹತ್ತಿಯೇ ಸರಿ. ಸೆಲ್ಲು ಇಳಿದಿದ್ದರೆ ಮೋಟಾರು ನಿಧಾನವಾಗಿ ಆರು ವರ್ಷದ ಹುಡುಗ ಮೀಸೆ ಬಂದವನಂತೆ ಹಾಡುತ್ತಾನೆ. ಇಳಿದ ಸೆಲ್ಲಿನಲ್ಲಿ ರೆಕಾರ್ಡ್ ಮಾಡಿ ಹೊಸ ಸೆಲ್ಲಿನಲ್ಲಿ ಕೇಳಿದರೆ ಉಲ್ಟಾ, ದನಿ ಕೀಚಲಾಗುತ್ತದೆ. ಅದಕ್ಕೇ ರೆಕಾರ್ಡ್ ಮಾಡುವಾಗ ಕರೆಂಟಿಗೆ ಹಾಕಿಕೊಳ್ಳುವುದು ಕ್ಷೇಮ, ಕರೆಂಟು ಇದ್ದರೆ.

ಹಾಡಿದವರು ಯಾರು ಎಂಬುದಕ್ಕೆ ನಂಬಬಹುದಾದ ಆಧಾರ ಟೆಂಟ್ ಸಿನಿಮಾದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ. ಅಗ್ಗದ ಕಾಗದ, ನಾಲ್ಕೆಂಟು ಪುಟ. ಮೊದಲು ತಾರಾಗಣ, ಆಮೇಲೆ ಕಥಾಸಾರಾಂಶ. ಕಥೆ ಬಿಗಿಯಾಗುವ ಹೊತ್ತಿಗೆ ಸರಿಯಾಗಿ ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ನಿಲ್ಲಿಸಿಬಿಡುತ್ತಿದ್ದರು. ಅದರ ನಂತರ ಹಾಡುಗಳು, ಗಾಯಕರ ಹೆಸರಿನ ಸಮೇತ. ಕ್ಯಾಸೆಟ್ಟಿನ ಹೊದಿಕೆಯಲ್ಲಿ ಜಾಗ ಕಡಿಮೆ ಎಂದು ಹೆಸರು ಬಿಟ್ಟುಹೋಗುವುದುಂಟು, ಪುಸ್ತಕದಲ್ಲಿ ಹಾಗಾಗುವುದು ಅಪರೂಪ. ಫೋಟೊ ಬೇಕಿದ್ದರೆ 'ರೂಪತಾರಾ', 'ವಿಜಯಚಿತ್ರ' ಪತ್ರಿಕೆಗಳೇ ಗತಿ. ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುವಾಗ ಮೈದಾ ಗಂಜಿ ಬಳಸಿದರೆ ಎರಡು ಮಳೆಗಾಲದಲ್ಲಿ ಹುಳು ಹಿಡಿಯುತ್ತದೆ. ಪೋಸ್ಟರ್ ಅಂಟಿಸುವವರು ಗಂಜಿಗೆ ಮೈಲುತುತ್ತ ಬೆರೆಸುವುದು ಇದೇ ಕಾರಣಕ್ಕೆ. ಆದರೆ ಅದು ವಿಷ, ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಪುಟದ ನಾಲ್ಕು ಮೂಲೆಗೆ ಸೀಳು ಮಾಡಿ ಫೋಟೊ ಸಿಕ್ಕಿಸಿದರೆ ಅಂಟೇ ಬೇಡ.

ಇನ್ನು ಪರದೆ. ಹೊಸ ಪ್ರಿಂಟು ಮೊದಲು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಓಡಿ, ತಾಲ್ಲೂಕು ಕೇಂದ್ರಕ್ಕೆ ಇಳಿದು, ಕಡೆಗೆ ಟೂರಿಂಗ್ ಟಾಕೀಸಿಗೆ ಬರುತ್ತಿತ್ತು. ಅಷ್ಟರಲ್ಲಿ ವರ್ಷಗಳೇ ಕಳೆದಿರುತ್ತಿದ್ದವು. ಇದರಿಂದ ಒಂದು ವಿಚಿತ್ರ ಆಗುತ್ತಿತ್ತು. ನಮ್ಮ ಊರಿನ ಪರದೆ ಮೇಲೆ ಏಳು ವರ್ಷದವನಾಗಿ ಕಂಡ ಹುಡುಗ ಅಷ್ಟು ಹೊತ್ತಿಗೆ ಹತ್ತು ದಾಟಿರುತ್ತಿದ್ದ. ಮೇಲಾಗಿ ಚಿತ್ರಗಳು ಬಿಡುಗಡೆಯಾದ ಕ್ರಮದಲ್ಲಿ ಬರುತ್ತಿರಲಿಲ್ಲ. ಈ ವಾರ ದೊಡ್ಡವನು, ಮುಂದಿನ ತಿಂಗಳು ಮತ್ತೆ ಚಿಕ್ಕವನು. ಬಾಲನಟನ ವಯಸ್ಸಿನ ಬಗ್ಗೆ ಶಾಲೆಯ ಅಂಗಳದಲ್ಲಿ ನಡೆಯುತ್ತಿದ್ದ ಜಗಳಗಳ ಮೂಲ ಇದೇ.

ಟೆಂಟಿನಲ್ಲಿ ನೋಡುವುದಕ್ಕೂ ಒಂದು ಕ್ರಮ ಇತ್ತು. 'ನಮೋ ವೆಂಕಟೇಶ' ಹಾಡು ಹಾಕಿದರೆಂದರೆ ಆಟ ಶುರುವಾಗುವ ಸೂಚನೆ, ಅಷ್ಟರೊಳಗೆ ಟಿಕೆಟ್ ಹರಿಸಿಕೊಂಡು ಒಳಗಿರಬೇಕು. ಹೆಸರುಗಳು ಬರುವುದು ಮೊದಲ ರೀಲಿನಲ್ಲಿ, ತಪ್ಪಿಸಿಕೊಂಡರೆ ಮತ್ತೆ ಸಿಗದು. ಆದರೂ ಎಷ್ಟೋ ಸಲ ಲೋಹಿತನ ಹೆಸರು ಕಾಣುತ್ತಲೇ ಇರಲಿಲ್ಲ. ರೀಲು ಹೆಚ್ಚು ಸವೆಯುವುದು ತಲೆ ಮತ್ತು ಬಾಲದಲ್ಲಿ. ಪ್ರತಿ ಆಟದಲ್ಲೂ ಯಂತ್ರಕ್ಕೆ ಏರಿಸುವಾಗ ಇಳಿಸುವಾಗ ಕೈ ತಾಗುವುದು ಅಲ್ಲೇ, ಹರಿಯುವುದೂ ಅಲ್ಲೇ. ಹರಿದಷ್ಟನ್ನು ಕತ್ತರಿಸಿ ಅಂಟಿಸುತ್ತ ಹೋದರೆ ಮೊದಲ ರೀಲಿನಲ್ಲಿ ಹೋಗುವುದು ಹೆಸರುಗಳು.

ಸಾವಿರ ಅಡಿಯ ರೀಲು ಸುಮಾರು 11 ನಿಮಿಷ ಓಡುತ್ತದೆ. ಒಂದೇ ಪ್ರೊಜೆಕ್ಟರ್ ಇದ್ದ ಕಡೆ ರೀಲು ಬದಲಿಸುವಾಗ ಆಟ ನಿಲ್ಲುತ್ತಿತ್ತು. ನಡುವೆ ಹರಿದು ಅಂಟಿಸಿದ ಜಾಗದಲ್ಲಿ ಮಾತು ಒಂದು ಕಡೆ ಹಾರಿದರೆ ಚಿತ್ರ ಇನ್ನೊಂದು ಕಡೆ ಹಾರುತ್ತದೆ. 35 ಎಂಎಂ ಪ್ರಿಂಟಿನಲ್ಲಿ ಧ್ವನಿಯ ಪಟ್ಟಿ ತನ್ನ ಚಿತ್ರಕ್ಕಿಂತ ಸುಮಾರು 20 ಚೌಕಟ್ಟು (ಫ್ರೇಮ್) ಮುಂದಿರುವುದರಿಂದ ಹೀಗೆ. ಮಗು ತುಟಿ ಮುಚ್ಚಿದ್ದರೂ ಮಾತು ಕೇಳಿಸಿತು ಎಂದರೆ ಡಬ್ಬಿಂಗ್ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಇದನ್ನು ನೆನಪಿಟ್ಟುಕೊಳ್ಳಬೇಕು.

ಟೆಂಟಿಗೆ ಮತ್ತೆ ಮತ್ತೆ ಬರುತ್ತಿದ್ದದ್ದು ಪೌರಾಣಿಕ ಚಿತ್ರಗಳು. ಹಾಗಾಗಿ ಬಹಳ ಮಕ್ಕಳಿಗೆ ಲೋಹಿತನ ಮುಖ ಗಟ್ಟಿಯಾಗಿ ಮನಸ್ಸಿಗೆ ನಾಟಿದ್ದು 1983ರ 'ಭಕ್ತ ಪ್ರಹ್ಲಾದ'ದಿಂದ. ಹಿರಣ್ಯಕಶಿಪು ಅಣ್ಣಾವ್ರು (ಡಾ. ರಾಜ್‌ಕುಮಾರ್), ಕಯಾದು ಸರಿತಾ, ಪ್ರಹ್ಲಾದ ಸ್ವಂತ ಮಗ. ಅಣ್ಣಾವ್ರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದವರು, ಪೌರಾಣಿಕ ಸಂಭಾಷಣೆಯಲ್ಲಿ ದನಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಅಂಥವರ ಎದುರು ಎಂಟು ವರ್ಷದವನು ಏನು ಮಾಡಬೇಕು? ಇಲ್ಲಿ ಕಣ್ಣು ಹುಡುಗನ ಮೇಲೆ ನೆಟ್ಟಿರಬೇಕು, ಅಪ್ಪನ ಮೇಲೆ ನೆಟ್ಟರೆ ಪಾಠ ತಪ್ಪಿಹೋಗುತ್ತದೆ. ತಂದೆಯ ದನಿ ಏರಿದಷ್ಟೂ ಮಗನದು ಏರುವುದಿಲ್ಲ. ಪ್ರಹ್ಲಾದನ ಪಾತ್ರದ ಜೀವವೇ ಅದು. ಅವನೂ ಕೂಗಿದರೆ ಜಗಳವಾಗುತ್ತದೆ, ಅಳುಕಿದರೆ ಭಕ್ತಿ ಸುಳ್ಳಾಗುತ್ತದೆ. ಎದುರಿನ ಗರ್ಜನೆ ಮುಗಿಯುವವರೆಗೆ ಕಾದು, ಅದೇ ತಿಳಿಯಾದ ದನಿಯಲ್ಲಿ ಉತ್ತರ ಕೊಡಬೇಕು. ಮಕ್ಕಳು ಸಾಮಾನ್ಯವಾಗಿ ತಮ್ಮ ಮಾತಿನ ಸರದಿ ಬಂದಾಗ ಮಾತ್ರ ನಟಿಸುತ್ತಾರೆ, ಉಳಿದ ಹೊತ್ತು ಕಣ್ಣು ಕ್ಯಾಮೆರಾ ಹಿಂದಿರುವವರ ಕಡೆಗೆ ಹೋಗುತ್ತದೆ. ಲೋಹಿತ್ ಕೇಳಿಸಿಕೊಳ್ಳುತ್ತಾನೆ. ಬಾಲನಟನಲ್ಲಿ ಇದಕ್ಕಿಂತ ದೊಡ್ಡ ಗುಣ ಇನ್ನೊಂದಿಲ್ಲ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾಯಿತು. ಊರೂರಿಗೆ ತಲುಪುವುದಕ್ಕೆ ಇನ್ನೂ ಕೆಲವು ವರ್ಷ ಬೇಕಾಯಿತು. ವಾರಕ್ಕೊಂದು ಕನ್ನಡ ಚಿತ್ರ, ಜೊತೆಗೆ 'ಚಿತ್ರಮಂಜರಿ'ಯ ಹಾಡುಗಳು. ಇದಕ್ಕೆ ಮುಖ್ಯವಾದದ್ದು ಮಾಳಿಗೆ ಮೇಲಿನ ಆಂಟೆನಾ. ಹಿಂದಿನ ಉದ್ದ ಕಡ್ಡಿ ಹಿಂದಕ್ಕೇ ಇರಬೇಕು, ಚಿಕ್ಕ ಕಡ್ಡಿಗಳ ಬದಿ ಟವರಿನ ಕಡೆ ತಿರುಗಿರಬೇಕು. ಚಪ್ಪಟೆ ವೈರನ್ನು ಕಬ್ಬಿಣದ ಪೈಪಿಗೆ ಒತ್ತಿ ಕಟ್ಟಿದರೆ ಸಿಗ್ನಲ್ ಅಲ್ಲೇ ಸೋರಿಹೋಗುತ್ತದೆ, ನಡುವೆ ಒಂದೆರಡು ಅಂಗುಲ ಬಿಡಬೇಕು, ಮಳೆಗಾಲದಲ್ಲಂತೂ ಖಂಡಿತ ಬಿಡಬೇಕು. ಪರದೆ ತುಂಬ ಬಿಳಿ ಚುಕ್ಕಿ ಬಂದರೆ ಸಿಗ್ನಲ್ ಸಾಲದು, ಕಂಬ ಎತ್ತರಿಸಿ ಅಥವಾ ಬೂಸ್ಟರ್ ಹಾಕಿ. ಒಬ್ಬ ಲೋಹಿತನ ಪಕ್ಕ ಇನ್ನೊಬ್ಬ ಮಸುಕು ಲೋಹಿತ ನಿಂತಿದ್ದರೆ ಅದು ಬೇರೆ ಕಾಯಿಲೆ. ಗುಡ್ಡವೋ ನೀರಿನ ಟ್ಯಾಂಕೋ ಅಲೆಯನ್ನು ವಾಪಸು ಹೊಡೆಯುತ್ತಿದೆ ಎಂದರ್ಥ, ಬೂಸ್ಟರ್ ಹಾಕಿದರೆ ನೆರಳೂ ದಪ್ಪವಾಗುತ್ತದೆ. ಸಿಗ್ನಲ್ ತುಸು ಕಡಿಮೆಯಾದರೂ ಚಿಂತೆಯಿಲ್ಲ ಎಂದು ಆಂಟೆನಾವನ್ನು ಆ ಗುಡ್ಡದ ದಿಕ್ಕಿನಿಂದ ತಪ್ಪಿಸಿ ತಿರುಗಿಸಬೇಕು.

ವಿಡಿಯೊ ಕ್ಯಾಸೆಟ್ ಬಂದಮೇಲೆ ನಿಲ್ಲಿಸಿ ನೋಡುವ ಭಾಗ್ಯ ಬಂತು. ಟ್ರ್ಯಾಕಿಂಗ್ ಗುಂಡಿ ತಿರುಗಿಸಿ ಪಟ್ಟೆ ಹೋಗಿಸಿಕೊಳ್ಳುವುದು ಎಲ್ಲರಿಗೂ ಗೊತ್ತು. ಆದರೆ ಬಹಳ ಜನ ಗಮನಿಸದ ನಷ್ಟ ಬೇರೆ. ಅಗಲ ಪರದೆಯ ಸ್ಕೋಪ್ ಚಿತ್ರದ ಅಗಲ ಎತ್ತರದ 2.35 ಪಟ್ಟು, ಹಳೆಯ ಟಿವಿಯದು 1.33 ಪಟ್ಟು. ಪರದೆ ಪೂರ್ತಿ ತುಂಬಿಸಿದರೆ ಚಿತ್ರದ 43 ಶೇಕಡ ಹೊರಗೆ ಹೋಗುತ್ತದೆ. ದೊಡ್ಡವರು ನಡುವೆ ನಿಂತು ಮಾತಾಡುವ ದೃಶ್ಯದಲ್ಲಿ ಅಂಚಿನಲ್ಲಿ ನಿಂತವನು ಮಗುವೇ ಆಗಿರುತ್ತಾನೆ. ಕೇಳಿಸಿಕೊಳ್ಳುವ ಗುಣ ಎಂದು ಮೇಲೆ ಹೇಳಿದ್ದು ಇಂಥ ಪ್ರತಿಯಲ್ಲಿ ಕಾಣುವುದೇ ಇಲ್ಲ.

ಸಿಕ್ಕಸಿಕ್ಕ ಕ್ರಮದಲ್ಲಿ ನೋಡಿದವರು ಒಮ್ಮೆಯಾದರೂ ವಯಸ್ಸಿನ ಕ್ರಮದಲ್ಲಿ ನೋಡಬೇಕು. ಆಗ ಆ ಹುಡುಗ ನಟನಾಗುವುದು ಕಣ್ಣಮುಂದೆ ನಡೆಯುತ್ತದೆ. ಹುಟ್ಟಿದ್ದು 1975ರ ಮಾರ್ಚ್ 17, ಮದರಾಸಿನಲ್ಲಿ. ಕೆಲವೇ ತಿಂಗಳ ಮಗುವಾಗಿ 'ಪ್ರೇಮದ ಕಾಣಿಕೆ'ಯಲ್ಲಿ (1976) ಇದ್ದಾನೆ, ಆಮೇಲೆ 'ಸನಾದಿ ಅಪ್ಪಣ್ಣ', 'ತಾಯಿಗೆ ತಕ್ಕ ಮಗ', 'ವಸಂತ ಗೀತ'. ಇವುಗಳಲ್ಲಿ ಮಗು ಮನೆಯ ಸೊಬಗು, ಅಷ್ಟೇ. ಬೇಗ ದಾಟಿಬಿಡಬಹುದು. 'ಭಾಗ್ಯವಂತ'ದಿಂದ ಕಥೆಯ ಭಾರ ಹುಡುಗನ ಹೆಗಲಿಗೆ ಬರಲು ಶುರು. 1982ರ 'ಚಲಿಸುವ ಮೋಡಗಳು' ಮತ್ತು 1983ರ 'ಎರಡು ನಕ್ಷತ್ರಗಳು' ಎರಡಕ್ಕೂ ರಾಜ್ಯ ಸರ್ಕಾರದ ಅತ್ಯುತ್ತಮ ಬಾಲನಟ ಪ್ರಶಸ್ತಿ ಬಂತು. ಎರಡೂ ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನದವು. 'ಚಲಿಸುವ ಮೋಡಗಳು' ಚಿತ್ರದ 'ಕಾಣದಂತೆ ಮಾಯವಾದನು' ಹಾಡನ್ನು 'ಬಾನ ದಾರಿಯಲ್ಲಿ' ಕೇಳಿದ ಬೆನ್ನಿಗೇ ಕೇಳಿ ನೋಡಿ. ಒಂದೇ ವರ್ಷದ ಅಂತರ. ಅಲ್ಲಿ ತಾಳದ ಹಿಂದೆ ಹೆಜ್ಜೆ ಹಾಕುತ್ತಿದ್ದ ಹುಡುಗ ಇಲ್ಲಿ ತಾಳದ ಜೊತೆ ಆಟವಾಡುತ್ತಾನೆ. 1984ರ 'ಯಾರಿವನು' ಬರುವಷ್ಟರಲ್ಲಿ ದನಿ ಇನ್ನೂ ಒಂದು ಸುತ್ತು ಬಲಿತಿದೆ.

ಇವೆಲ್ಲದರಲ್ಲೂ ಪಕ್ಕದಲ್ಲಿ ಅಪ್ಪ ಇದ್ದರು, ಜನ ಬಂದದ್ದು ಅಪ್ಪನಿಗಾಗಿ ಎನ್ನುವವರಿಗೆ 1985ರ 'ಬೆಟ್ಟದ ಹೂವು' ಉತ್ತರ. ಅದರಲ್ಲಿ ಅಣ್ಣಾವ್ರು ನಟಿಸಿಲ್ಲ, ಇಡೀ ಚಿತ್ರ ನಿಂತಿರುವುದು ಹತ್ತು ವರ್ಷದ ರಾಮುವಿನ ಮೇಲೆ. ಶೆರ್ಲಿ ಅರೋರಾ ಬರೆದ ಇಂಗ್ಲಿಷ್ ಕಾದಂಬರಿಯನ್ನು ಎನ್. ಲಕ್ಷ್ಮೀನಾರಾಯಣ್ ಮಲೆನಾಡಿಗೆ ತಂದುಕೊಂಡರು. ಬಡ ಹುಡುಗನಿಗೆ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳುವ ಆಸೆ. ಅದಕ್ಕಾಗಿ ಕಾಡಿನ ಹೂಗಳನ್ನು ಹುಡುಕಿ ವಿದೇಶಿ ಮಹಿಳೆಯೊಬ್ಬರಿಗೆ ತಂದುಕೊಟ್ಟು ದುಡ್ಡು ಕೂಡಿಸುತ್ತಾನೆ. ಕಡೆಗೆ ಪುಸ್ತಕವೋ ಮನೆಯವರ ಚಳಿಗೆ ಕಂಬಳಿಯೋ ಎಂಬ ಇಕ್ಕಟ್ಟು. ದೊಡ್ಡ ಸಂಭಾಷಣೆ ಇಲ್ಲ, ಎದುರು ಗರ್ಜಿಸುವವರಿಲ್ಲ. ನಡಿಗೆ, ಕಾಯುವುದು, ಆಸೆಯಿಂದ ನೋಡುವುದು, ಇಷ್ಟರಲ್ಲೇ ಪಾತ್ರ ಕಟ್ಟಬೇಕು. 33ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಬಾಲನಟ ಗೌರವ ಸಿಕ್ಕಿದ್ದು ಇದಕ್ಕೆ, ನ್ಯಾಯವಾಗಿಯೇ ಸಿಕ್ಕಿತು. ಈಗಿನ ಮಕ್ಕಳಿಗೆ ತೋರಿಸುವುದಾದರೆ ಇದರಿಂದ ಶುರು ಮಾಡಬೇಡಿ, ನಿಧಾನ ಎಂದು ಎದ್ದುಹೋಗುತ್ತಾರೆ. ಮೊದಲು ಹಾಡುಗಳು, ಆಮೇಲೆ ಪ್ರಹ್ಲಾದ, ಆ ಹುಡುಗ ಯಾರು ಎಂದು ಅವರೇ ಕೇಳಿದ ಮೇಲೆ 'ಬೆಟ್ಟದ ಹೂವು'.

1988ರ 'ಶಿವ ಮೆಚ್ಚಿದ ಕಣ್ಣಪ್ಪ' ಮನೆಯವರೆಲ್ಲ ಒಟ್ಟಾದ ಚಿತ್ರ. ಬಾಲಕ ಕಣ್ಣಪ್ಪ ಪುನೀತ್, ಬೆಳೆದ ಕಣ್ಣಪ್ಪ ಅಣ್ಣ ಶಿವರಾಜ್‌ಕುಮಾರ್, ಶಿವ ಅಪ್ಪ. ಅಣ್ಣಾವ್ರು 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ನಾಯಕನಟರಾದದ್ದು ಇದೇ ಕಥೆಯಿಂದ. ಮರುವರ್ಷದ 'ಪರಶುರಾಮ್' ಬಿಟ್ಟರೆ ಬಾಲನಟನ ಅಧ್ಯಾಯ ಅಲ್ಲಿಗೆ ಮುಗಿಯಿತು. ನಾಯಕನಾಗಿ 'ಅಪ್ಪು' ಬಂದದ್ದು 2002ರಲ್ಲಿ.

ಇವತ್ತು ಹುಡುಕುವವರಿಗೆ ಕೆಲಸ ಸುಲಭ ಎನಿಸಬಹುದು, ಆದರೆ ಪ್ರತಿ ಆರಿಸುವಲ್ಲಿ ಎಚ್ಚರ ಬೇಕು. ಲೋಹಿತ್, ಪುನೀತ್ ಎರಡೂ ಹೆಸರು ಹಾಕಿ ಹುಡುಕಿ. ಇಂಗ್ಲಿಷ್ ಅಕ್ಷರದಲ್ಲಾದರೆ ಕೊನೆಯ ಎಚ್ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ. ಸಿಕ್ಕ ಚಿತ್ರ ಪೂರ್ತಿ ಇದೆಯೋ ಇಲ್ಲವೋ ತಿಳಿಯಲು ಆರಂಭದಲ್ಲಿ ಬರುವ ಸೆನ್ಸಾರ್ ಸರ್ಟಿಫಿಕೇಟನ್ನು ನಿಲ್ಲಿಸಿ ಓದಿ. ಅದರಲ್ಲಿ ಚಿತ್ರದ ಉದ್ದ ಮೀಟರಿನಲ್ಲಿ ಇರುತ್ತದೆ. 35 ಎಂಎಂ ಫಿಲ್ಮು ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುವುದರಿಂದ ಅಷ್ಟರಿಂದ ಭಾಗಿಸಿದರೆ ನಿಮಿಷ ಸಿಗುತ್ತದೆ. ಉದಾಹರಣೆಗೆ 3,900 ಮೀಟರ್ ಎಂದಿದ್ದರೆ 142 ನಿಮಿಷ. ಟಿವಿಗಾಗಿ ಇಳಿಸಿದ ಪ್ರತಿ ಸೆಕೆಂಡಿಗೆ 24ರ ಬದಲು 25 ಚೌಕಟ್ಟು ಓಡುತ್ತದೆ, ಆಗ ಅದೇ ಚಿತ್ರ ಏನೂ ಕತ್ತರಿಸದೆಯೇ 136 ನಿಮಿಷ ಚಿಲ್ಲರೆಗೆ ಮುಗಿಯುತ್ತದೆ, ಹುಡುಗನ ದನಿ ಅರ್ಧ ಸ್ವರಕ್ಕಿಂತ ಸ್ವಲ್ಪ ಕಡಿಮೆ ಮೇಲೇರುತ್ತದೆ. ವೇಗ ತಗ್ಗಿಸುವ ಸೌಲಭ್ಯವಿರುವ ಪ್ಲೇಯರಿನಲ್ಲಿ 0.96ಕ್ಕೆ ಇಟ್ಟು, ವೇಗದ ಜೊತೆ ಶ್ರುತಿಯೂ ಇಳಿಯುವಂತೆ ಮಾಡಿಕೊಂಡರೆ ಅಸಲಿ ದನಿ ವಾಪಸು ಬರುತ್ತದೆ. ಪ್ರತಿ ಈ 25ರ ಲೆಕ್ಕಕ್ಕಿಂತಲೂ ಚಿಕ್ಕದಾಗಿದ್ದರೆ ಹಾಡೋ ದೃಶ್ಯವೋ ಹಾರಿಹೋಗಿದೆ. ಹಾಡಿನ ಪಟ್ಟಿಯ ಜೊತೆ ತಾಳೆ ನೋಡಿ, ಬೇರೆ ಪ್ರತಿ ಹುಡುಕಿ.